ಆ ಅಳು ಮೇಜಿನ ಕೆಳಗಿಂದ ಬರುತ್ತದೆ

ಪ್ರಶ್ನೆ: ಮಗಳ ಮನೆಗೆಂದು ಟೆಕ್ಸಸ್‌ಗೆ ಬಂದು ಎರಡು ತಿಂಗಳಾಯಿತು. ಇಲ್ಲಿ ರಾತ್ರಿ ಹೊತ್ತು ಟಿವಿಯಲ್ಲಿ ಕಂಟ್ರಿ, ಅಂದರೆ ಇಲ್ಲಿನ ಹಳ್ಳಿಗಾಡಿನ ಧಾಟಿಯ, ಹಾಡುಗಳ ಕಾರ್ಯಕ್ರಮ ಬರುತ್ತದೆ. ಮೊನ್ನೆ ಗಾಯಕಿಯೊಬ್ಬರು ನಿಧಾನದ ಹಾಡೊಂದನ್ನು ಹಾಡುತ್ತಿದ್ದರು. ಹಿಂದೆ, ಪಕ್ಕದಲ್ಲಿ, ಒಬ್ಬ ಹಿರಿಯರು ಮೇಜಿನಂಥ ವಾದ್ಯದ ಮುಂದೆ ಕೂತಿದ್ದರು. ಹಾಡಿನ ನಡುವೆ ಅವರು ನುಡಿಸಿದ್ದು ಅರ್ಧ ನಿಮಿಷವೂ ಇರಲಿಕ್ಕಿಲ್ಲ. ನನಗೆ ಗಂಟಲು ಕಟ್ಟಿತು. ಅವರ ಮುಖದಲ್ಲಿ ಮಾತ್ರ ಏನೂ ಇಲ್ಲ, ಮೈ ಅಲುಗಾಡಲೂ ಇಲ್ಲ. ಇದು ನಮ್ಮ ಹವಾಯನ್ ಗಿಟಾರೇ? ಹೌದಾದರೆ, ದಾವಣಗೆರೆಯ ಮನೆಯ ಅಟ್ಟದ ಮೇಲಿರುವ ನನ್ನ ಗಿಟಾರಿನಲ್ಲಿ ಈ ಅಳು ಯಾವತ್ತೂ ಯಾಕೆ ಬರಲಿಲ್ಲ? ಇನ್ನೊಮ್ಮೆ ನೋಡುವಾಗ ಏನನ್ನು ಗಮನಿಸಬೇಕು?

ಉತ್ತರ: ಅವರು ಅಲುಗಾಡಲೇ ಇಲ್ಲ ಎಂದಿರಿ. ಕ್ಯಾಮೆರಾ ಎರಡು ಅಡಿ ಕೆಳಗಿಳಿದಿದ್ದರೆ ನೀವು ಹಾಗೆ ಬರೆಯುತ್ತಿರಲಿಲ್ಲ. ಆ ಮೇಜಿನ ಕೆಳಗೆ ಎಡ ಪಾದ ಒಂದು ಪೆಡಲಿನಿಂದ ಇನ್ನೊಂದಕ್ಕೆ ಹೊರಳುತ್ತಿರುತ್ತದೆ. ಎರಡೂ ಮೊಣಕಾಲುಗಳು ಆಚೀಚೆ ಇರುವ ಲಿವರ್‌ಗಳನ್ನು ತಳ್ಳುತ್ತಿರುತ್ತವೆ. ಬಲ ಪಾದ ಬೇರೊಂದು ಪೆಡಲಿನ ಮೇಲೆ ಕೂತು ಸದ್ದನ್ನು ಏರಿಸಿ ಇಳಿಸುತ್ತಿರುತ್ತದೆ. ಮೇಲೆ ಎರಡು ಕೈಗಳಿಗೆ ಎರಡು ಬೇರೆ ಕೆಲಸ. ಮೈಯೆಲ್ಲ ದುಡಿಯುತ್ತಿರುವಾಗ ತೂಗಾಡಲು ಬಿಡುವೆಲ್ಲಿ? ನಮ್ಮ ಪೇಟೆಯ ಟೈಲರ್‌ಗಳನ್ನು ನೆನಪಿಸಿಕೊಳ್ಳಿ. ಬಟ್ಟೆ ಸೂಜಿಯ ಕೆಳಗೆ ಹರಿಯುತ್ತಿರುತ್ತದೆ, ಬೆರಳು ದಾರಿ ತೋರಿಸುತ್ತಿರುತ್ತವೆ, ಕೆಳಗೆ ಪಾದ ತುಳಿಯುತ್ತಲೇ ಇರುತ್ತದೆ. ತಲೆ ಮಾತ್ರ ಬಗ್ಗಿದಲ್ಲೇ ಬಗ್ಗಿರುತ್ತದೆ. ಈ ವಾದ್ಯ ನುಡಿಸುವವರನ್ನು ಕಂಡಾಗಲೆಲ್ಲ ನನಗೆ ಆ ಭಂಗಿಯೇ ನೆನಪಾಗುತ್ತದೆ.

ನೀವು ಕಂಡದ್ದು ಪೆಡಲ್ ಸ್ಟೀಲ್ ಗಿಟಾರ್. ನಿಮ್ಮ ಅಟ್ಟದ ಮೇಲಿನ ಹವಾಯನ್ ಗಿಟಾರ್ ಇದಕ್ಕೆ ಅಜ್ಜಿಯಾಗಬೇಕು. ನಾನೂ ಆ ಅಜ್ಜಿಯ ಮಡಿಲಲ್ಲೇ ಬೆಳೆದವನು. ಮದುವೆ ಮನೆಗಳ ಆರ್ಕೆಸ್ಟ್ರಾದಲ್ಲಿ ಹವಾಯನ್ ಗಿಟಾರ್ ನುಡಿಸಿಯೇ ನನ್ನ ಹರೆಯ ಕಳೆಯಿತು. ಹಾಗಾಗಿ ನಿಮ್ಮ ಪ್ರಶ್ನೆ ನನಗೆ ಸ್ವಂತದ್ದು.

ವಂಶದ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಗಿಟಾರಿನ ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವುದು 19ನೇ ಶತಮಾನದ ಕೊನೆಯಲ್ಲಿ ಹವಾಯಿಯಲ್ಲಿ ರೂಢಿಗೆ ಬಂತು. ಓಆಹು ದ್ವೀಪದ ಜೋಸೆಫ್ ಕೆಕುಕು ಎಂಬ ಹುಡುಗನ ಹೆಸರನ್ನು ಸಾಮಾನ್ಯವಾಗಿ ಹೇಳುತ್ತಾರೆ. ಅದಕ್ಕೂ ಮುಂಚೆ, ಭಾರತದಲ್ಲಿ ಹುಟ್ಟಿ ಅಲ್ಲಿಗೆ ಹೋದ ಗೇಬ್ರಿಯಲ್ ಡೇವಿಯನ್ ಎಂಬಾತ ಹೀಗೆ ನುಡಿಸುತ್ತಿದ್ದ ಎಂಬ ಮಾತೂ ಇದೆ. ನಮ್ಮಲ್ಲೂ ತಂತಿಯ ಮೇಲೆ ತುಂಡು ಜಾರಿಸಿ ನುಡಿಸುವ ಗೋಟುವಾದ್ಯ ಇರುವುದನ್ನು ನೆನೆದರೆ ಆ ಮಾತನ್ನು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದಲ್ಲಿ ಹವಾಯಿ ಸಂಗೀತ ಕೇಳಿ ಅಮೆರಿಕ ಮರುಳಾಯಿತು. 1932ರಲ್ಲಿ ಮಾರುಕಟ್ಟೆಗೆ ಬಂದ ರಿಕನ್‌ಬ್ಯಾಕರ್ ಎಲೆಕ್ಟ್ರಿಕ್ ಗಿಟಾರ್ ಕೂಡ ತೊಡೆಯ ಮೇಲಿಟ್ಟು ನುಡಿಸುವ ಇದೇ ಜಾತಿಯದು. ನೋಡಲು ಉದ್ದ ಹಿಡಿಯ ತವದ ಹಾಗಿತ್ತು. ನಮ್ಮ ದೇಶಕ್ಕೂ ಹವಾಯಿಯವರು ಬಂದರು. ಟೌ ಮೋ ಎಂಬ ಹವಾಯಿ ಗಿಟಾರ್ ವಾದಕರು 1940ರ ದಶಕದಲ್ಲಿ ಕುಟುಂಬದೊಂದಿಗೆ ಕಲ್ಕತ್ತೆಯಲ್ಲಿದ್ದರು. ಮುಂದೆ ಬ್ರಿಜ್‌ಭೂಷಣ್ ಕಾಬ್ರಾ ಅದರಲ್ಲಿ ರಾಗ ನುಡಿಸಿದರು. ವಿಶ್ವಮೋಹನ್ ಭಟ್ಟರು ಗಿಟಾರಿನಿಂದಲೇ ರೂಪಿಸಿಕೊಂಡ ಮೋಹನ ವೀಣೆಗೆ 1994ರಲ್ಲಿ ಗ್ರ್ಯಾಮಿ ಬಂತು. ಅಂದರೆ ಅಜ್ಜಿಯ ಒಂದು ಮಗು ಇಲ್ಲಿಗೆ ಬಂದು ಆಲಾಪ ಕಲಿಯಿತು, ಇನ್ನೊಂದು ಮಗು ಕಂಟ್ರಿ ಸಂಗೀತದ ತವರಾದ ನ್ಯಾಶ್‌ವಿಲ್‌ಗೆ ಹೋಗಿ ಕಾಲಲ್ಲಿ ನುಡಿಸುವುದನ್ನು ಕಲಿಯಿತು.

ಈಗ ನಿಮ್ಮ ನಿಜವಾದ ಪ್ರಶ್ನೆ. ಆ ಅಳು ಎಲ್ಲಿಂದ ಬಂತು?

ನಿಮ್ಮ ಹವಾಯನ್ ಗಿಟಾರಿನಲ್ಲಿ ಮೂರು ತಂತಿ ಮೀಟಿ ಬಾರನ್ನು, ಅಂದರೆ ಆ ಉಕ್ಕಿನ ತುಂಡನ್ನು, ಮೇಲಕ್ಕೆ ಜಾರಿಸಿ. ಏನಾಗುತ್ತದೆ? ಮೂರೂ ಸ್ವರ ಒಟ್ಟಿಗೆ ಏರುತ್ತವೆ. ಬಸ್ಸು ಹೊರಟರೆ ಒಳಗೆ ಕೂತವರೆಲ್ಲ ಒಟ್ಟಿಗೆ ಹೋದ ಹಾಗೆ. ಚೆನ್ನಾಗಿ ಕೇಳುತ್ತದೆ, ಆದರೆ ಆ ಮೂವರ ನಡುವೆ ಏನೂ ನಡೆಯಲಿಲ್ಲ. ಗೋಟುವಾದ್ಯದಲ್ಲಿ, ಮೋಹನ ವೀಣೆಯಲ್ಲಿ ನಾವು ಮುಖ್ಯವಾಗಿ ಒಂದೇ ತಂತಿಯ ಮೇಲೆ ಹಾಡುತ್ತೇವೆ. ಹಾಗಾಗಿ ಇದೊಂದು ಕೊರತೆ ಎಂದು ನಮಗೆ ಅನ್ನಿಸುವುದೇ ಇಲ್ಲ. ಜಾರು, ಕಂಪಿತ ಎಲ್ಲ ಆ ಒಂದು ತಂತಿಯಲ್ಲೇ ಸಿಗುತ್ತವೆ. ಕಂಟ್ರಿ ಸಂಗೀತದವರದು ಬೇರೆ ಕಿವಿ. ಅವರಿಗೆ ಎರಡು ಮೂರು ಸ್ವರಗಳು ಒಟ್ಟಿಗೆ ನುಡಿಯಬೇಕು. ಆ ಒಟ್ಟಿಗೆ ನುಡಿಯುವ ಸ್ವರಗಳ ಒಳಗೇ ಗಮಕವೂ ಬೇಕು.

ಪೆಡಲ್ ಬಂದದ್ದು ಇದಕ್ಕೆ. ಪೆಡಲ್ ತುಳಿದರೆ ಕೆಳಗಿನ ಸಲಾಕೆ ಎಳೆಯುತ್ತದೆ. ಸಲಾಕೆ ಎಳೆದರೆ ಮೇಲೆ ಒಂದು ನಿರ್ದಿಷ್ಟ ತಂತಿ ಬಿಗಿಯಾಗುತ್ತದೆ. ಉಳಿದ ತಂತಿಗಳು ಇದ್ದಲ್ಲೇ ಇರುತ್ತವೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ನುಡಿಸುತ್ತಿರುವಾಗಲೇ ಯಾರೋ ಒಬ್ಬರು ಒಂದೇ ಒಂದು ಬಿರಡೆಯನ್ನು ಬೇಕಾದಷ್ಟೇ ತಿರುಗಿಸಿ ಮತ್ತೆ ವಾಪಸು ತಂದು ಬಿಟ್ಟ ಹಾಗೆ.

ಇದನ್ನು ನಾನು ಕಿವಿಯಿಂದ ಎಷ್ಟೋ ವರ್ಷ ಕೇಳಿದ್ದೆ. ಅರ್ಥವಾದದ್ದು ಒಂದು ಮಧ್ಯಾಹ್ನ, ಟೆಕ್ಸಸ್‌ನಲ್ಲೇ, ನಿವೃತ್ತ ವಾದಕರೊಬ್ಬರ ಗ್ಯಾರೇಜಿನಲ್ಲಿ. ಅವರು ತಮ್ಮ ವಾದ್ಯದ ಮುಂದೆ ನನ್ನನ್ನು ಕೂರಿಸಿದರು. ಹತ್ತು ತಂತಿ. ಗೆರೆಗಳಿವೆ, ಮೆಟ್ಟಿಲುಗಳಿಲ್ಲ. ಬಣ್ಣದಲ್ಲಿ ಬರೆದ ಗೆರೆ ಅಷ್ಟೇ, ಸರಿಯಾಗಿ ಅದರ ನೇರಕ್ಕೆ ಬಾರ್ ಇಡುವುದು ನಿಮ್ಮ ಜವಾಬ್ದಾರಿ. ಮೂರನೇ ಗೆರೆಯ ಮೇಲೆ ಬಾರ್ ಇಡಿಸಿದರು. ನಾಲ್ಕು, ಐದು, ಆರನೇ ತಂತಿಗಳನ್ನು ಒಟ್ಟಿಗೆ ಮೀಟಲು ಹೇಳಿದರು. ಜಿ ಮೇಜರ್ ಕಾರ್ಡ್ ಬಂತು, ಕಾರ್ಡ್ ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು. ಜಿ ನಮ್ಮ ಷಡ್ಜ ಅಂದುಕೊಳ್ಳಿ. ಆಗ ಕೈಯಲ್ಲಿರುವುದು ಗ, ಪ, ಮತ್ತು ಮೇಲಿನ ಸ. ಆಮೇಲೆ ಎಡ ಪಾದವನ್ನು ಎರಡು ಪೆಡಲುಗಳ ಮೇಲೂ ಒಟ್ಟಿಗೆ ಇಟ್ಟು ಮೆಲ್ಲಗೆ ಒತ್ತಲು ಹೇಳಿದರು. ಕೈ ಅಲುಗಿಸಬಾರದು, ಇನ್ನೊಮ್ಮೆ ಮೀಟಬಾರದು. ಒತ್ತಿದೆ. ಗ ಹೋಗಿ ಮ ಆಯಿತು. ಪ ಹೋಗಿ ಧ ಆಯಿತು. ಸ ಇದ್ದಲ್ಲೇ ಇತ್ತು.

ನನಗೆ ಮೈ ಜುಂ ಎಂದಿತು. ಸ ನಿಂತೇ ಇದೆ. ಪಕ್ಕದ ಇಬ್ಬರು ಅದನ್ನು ಒರೆಸಿಕೊಂಡು ಮೇಲೆ ಹೋಗುತ್ತಿದ್ದಾರೆ. ಅವು ತಲುಪುವ ಮುಂಚಿನ ಆ ಅರೆಗಳಿಗೆಯಲ್ಲಿ ಸ್ವರಗಳ ನಡುವೆ ಒಂದು ತಿಕ್ಕಾಟ. ತಲುಪಿದ ಕೂಡಲೇ ನಿಟ್ಟುಸಿರು. ನೀವು ಅಳು ಎಂದದ್ದು ಇದನ್ನೇ. ಬರೀ ಜಾರಿದರೆ ಅಳು ಬರುವುದಿಲ್ಲ. ಒಂದು ನಿಂತು, ಇನ್ನೊಂದು ಅದನ್ನು ಬಿಟ್ಟು ಹೊರಟರೆ ಬರುತ್ತದೆ. ಹೆಣ್ಣು ಒಪ್ಪಿಸಿ ಕೊಡುವಾಗ ಬಾಗಿಲಲ್ಲಿ ತಾಯಿ ನಿಂತಿರುತ್ತಾರಲ್ಲ, ಕಾರು ಹೊರಡುತ್ತದಲ್ಲ, ಆ ಎರಡೂ ಬೇಕು. ಇಬ್ಬರೂ ಕಾರು ಹತ್ತಿದ್ದರೆ ಯಾರೂ ಅಳುತ್ತಿರಲಿಲ್ಲ.

ಅವರು ಅಲ್ಲಿಗೇ ಬಿಡಲಿಲ್ಲ. ಒಂದು ಪೆಡಲ್ ಮಾತ್ರ ಒತ್ತಲು ಹೇಳಿದರು. ಈಗ ಪ ಮಾತ್ರ ಧಕ್ಕೆ ಏರಿತು, ಗ ಅಲ್ಲೇ ಉಳಿಯಿತು. ಬಣ್ಣವೇ ಬದಲಾಯಿತು. ಅದನ್ನು ಬಿಟ್ಟು ಇನ್ನೊಂದನ್ನು ಒತ್ತಿದರೆ ಗ ಮಾತ್ರ ಮ ಆಯಿತು. ಮೊಣಕಾಲಿನಿಂದ ಒಂದು ಲಿವರ್ ತಳ್ಳಿದರೆ ಅಷ್ಟು ಹೊತ್ತು ಬಂಡೆಯಂತೆ ನಿಂತಿದ್ದ ಸ ಮೆಲ್ಲಗೆ ನಿಗೆ ಇಳಿಯಿತು. ಕಣಕಾಲನ್ನು ಎಡಕ್ಕೋ ಬಲಕ್ಕೋ ಕೊಂಚ ವಾಲಿಸಿದರೆ ಸಾಕು, ಒಂದು ಪೆಡಲ್ ಬಿಟ್ಟು ಇನ್ನೊಂದು ಸಿಗುತ್ತದೆ. ಇಷ್ಟೂ ಕೆಲಸಕ್ಕೆ ಬಾರ್ ಮೂರನೇ ಗೆರೆಯಿಂದ ಒಂದು ಕೂದಲೆಳೆಯಷ್ಟೂ ಆಚೀಚೆ ಹೋಗಿರಲಿಲ್ಲ. ಟಿವಿಯಲ್ಲಿ ನೋಡುವವರಿಗೆ ಕೈ ಸುಮ್ನೆ ಇದೆ, ಹಾಡು ಮಾತ್ರ ಬದಲಾಗುತ್ತಿದೆ ಅನ್ನಿಸುವುದು ಇದಕ್ಕೇ.

ಇನ್ನೊಂದು ವಿಷಯ ಕೇಳಿ ನನಗೆ ಬಹಳ ಸಂತೋಷವಾಯಿತು. ಗಾಂಧಾರದ ತಂತಿಯನ್ನು ಅವರು ಪಿಯಾನೋದ ಲೆಕ್ಕಕ್ಕಿಂತ ತುಸು ಇಳಿಸಿ ಶ್ರುತಿ ಮಾಡಿಕೊಂಡಿದ್ದರು. ಬಹಳ ಮಂದಿ ಸ್ಟೀಲ್ ವಾದಕರು ಹಾಗೆ ಮಾಡುತ್ತಾರಂತೆ. ಪಿಯಾನೋದ ಗ ಸಪ್ತಕವನ್ನು ಸಮಭಾಗ ಮಾಡಿ ಇಟ್ಟದ್ದು, ಕಾರ್ಡ್ ಹಿಡಿದಾಗ ಸ್ವಲ್ಪ ಚುಚ್ಚುತ್ತದೆ. ಇವರಿಗೆ ಬೇಕಾದದ್ದು ತಂಬೂರಿ ಮೀಟಿ ಕಣ್ಣು ಮುಚ್ಚಿ ಕೂತರೆ ತಾನೇ ಕೇಳಿಬರುವ ಆ ಗ. ಸಾವಿರಾರು ಮೈಲಿ ದೂರದಲ್ಲಿ, ನಮ್ಮ ಸಂಗೀತದ ಗಂಧವಿಲ್ಲದವರೂ ಕಿವಿ ನಂಬಿ ಅದೇ ಜಾಗಕ್ಕೆ ಬಂದಿದ್ದಾರೆ. ನಿಮ್ಮ ಗಂಟಲು ಕಟ್ಟಿದ್ದರಲ್ಲಿ ಆ ಗಾಂಧಾರಕ್ಕೂ ಪಾಲಿದೆ ಎಂದೇ ನಾನು ನಂಬುತ್ತೇನೆ.

ಈ ಪೆಡಲ್ ಗಮಕ ಹುಟ್ಟಿದ್ದು ಯಾವಾಗ ಎಂದು ಹೇಳಬಹುದು. ಪೆಡಲ್ ಇರುವ ಗಿಟಾರುಗಳು ಅದಕ್ಕೂ ಮುಂಚೆ ಇದ್ದವು. ಆದರೆ ಪೆಡಲ್ ಬಳಸುತ್ತಿದ್ದದ್ದು ಹೆಚ್ಚಾಗಿ ಶ್ರುತಿ ಬದಲಾಯಿಸಿಕೊಳ್ಳಲು. ಬಡ್ ಐಸಾಕ್ಸ್ ಎಂಬ ವಾದಕ ಗಾಯಕ ವೆಬ್ ಪಿಯರ್ಸ್ ಅವರ ಒಂದು ಹಾಡಿನಲ್ಲಿ, ತಂತಿ ಇನ್ನೂ ನುಡಿಯುತ್ತಿರುವಾಗಲೇ ಪೆಡಲ್ ಒತ್ತಿದರು. ಸ್ವರ ಏರುವುದು ಕೇಳುಗರ ಕಿವಿಗೆ ಬಿತ್ತು. 1954ರಲ್ಲಿ ಆ ಹಾಡು ಅಮೆರಿಕದ ಕಂಟ್ರಿ ಪಟ್ಟಿಯ ತುದಿಗೆ ಹೋಗಿ ಕೂತಿತು. ಸ್ಟೀಲ್ ನುಡಿಸುವವರೆಲ್ಲ ತಮ್ಮ ವಾದ್ಯಕ್ಕೂ ಪೆಡಲ್ ಬೇಕೆಂದು ಹೊರಟರು. ಐಸಾಕ್ಸ್ ಅವರ ಒಂದೇ ಪೆಡಲ್ ಎರಡು ತಂತಿಗಳನ್ನು ಒಟ್ಟಿಗೆ ಏರಿಸುತ್ತಿತ್ತು. ಆ ಎರಡನ್ನು ಬಿಡಿಸಿ ಎರಡು ಪೆಡಲಿಗೆ ಹಂಚಿದವರು ಬಡ್ಡಿ ಎಮನ್ಸ್ ಮತ್ತು ಜಿಮ್ಮಿ ಡೇ. ಚಿಕ್ಕ ಕೆಲಸ ಅನ್ನಿಸುತ್ತದೆ ಅಲ್ವಾ? ಆದರೆ ಗ ಒಂದನ್ನೇ ಏರಿಸಬಹುದು, ಪ ಒಂದನ್ನೇ ಏರಿಸಬಹುದು ಎಂದಾದ ದಿನವೇ ಈ ವಾದ್ಯಕ್ಕೆ ಮಾತು ಬಂತು. ಇಬ್ಬರೂ ಪೆಡಲುಗಳನ್ನು ಜೋಡಿಸಿದ ಕ್ರಮ ಒಂದಕ್ಕೊಂದು ಉಲ್ಟಾ. ಇವತ್ತಿಗೂ ಹೊಸ ವಾದ್ಯ ಮಾಡಿಸುವವರನ್ನು ಎಮನ್ಸ್ ಕ್ರಮವೋ ಡೇ ಕ್ರಮವೋ ಎಂದು ಕೇಳುತ್ತಾರೆ. ಎಮನ್ಸ್ ಇಂಡಿಯಾನಾದ ಹುಡುಗ, 1937ರಲ್ಲಿ ಹುಟ್ಟಿದವರು. ಹದಿನೆಂಟಕ್ಕೇ ನ್ಯಾಶ್‌ವಿಲ್‌ನಲ್ಲಿದ್ದರು. 2015ರಲ್ಲಿ ತೀರಿಕೊಂಡರು. ಇಂದಿನ ಹತ್ತು ತಂತಿಯ ಜೋಡಣೆಯಲ್ಲಿ ಮೊದಲ ಎರಡು ತಂತಿಗಳು ಕೂಡ ಅವರು 1962ರಲ್ಲಿ ಸೇರಿಸಿದ್ದು. ಈ ವಾದ್ಯದ ವಿಚಾರದಲ್ಲಿ ಅವರಷ್ಟು ದೊಡ್ಡವರು ಇನ್ನೊಬ್ಬರಿಲ್ಲ. ಇದು ನನ್ನ ಅಭಿಪ್ರಾಯ, ಆದರೆ ಈ ಅಭಿಪ್ರಾಯ ನನ್ನೊಬ್ಬನದಲ್ಲ.

ಬಲಗಾಲಿನ ಬಗ್ಗೆ ಹೇಳಲೇಬೇಕು. ಮೀಟಿದ ತಂತಿ ಹುಟ್ಟಿದ ಕ್ಷಣದಿಂದ ಸಾಯಲು ಶುರುಮಾಡುತ್ತದೆ. ವೀಣೆಯವರಿಗೆ, ಸಿತಾರಿನವರಿಗೆ ಇದು ದಿನನಿತ್ಯದ ಕಷ್ಟ. ಪಿಟೀಲಿಗೆ ಕಮಾನಿದೆ, ಹಾರ್ಮೋನಿಯಂಗೆ ತಿದಿ ಇದೆ, ಮೀಟುವವರಿಗೆ ಏನೂ ಇಲ್ಲ. ಸ್ಟೀಲ್ ವಾದಕರು ಬಲ ಪಾದದ ವಾಲ್ಯೂಮ್ ಪೆಡಲನ್ನೇ ತಿದಿ ಮಾಡಿಕೊಂಡಿದ್ದಾರೆ. ಮೀಟುವಾಗ ಪೆಡಲ್ ಅರ್ಧದಲ್ಲಿರುತ್ತದೆ. ತಂತಿಯ ಸದ್ದು ಇಳಿಯುತ್ತಾ ಹೋದಂತೆ ಪಾದ ಅಷ್ಟಷ್ಟೇ ಒತ್ತುತ್ತಾ ಹೋಗುತ್ತದೆ. ಇಳಿಯುವುದು, ಏರಿಸುವುದು ಸಮಸಮ ಆದರೆ ಸ್ವರ ನಿಂತೇ ಇದೆ ಅನ್ನಿಸುತ್ತದೆ. ಮೀಟಿದ ಪೆಟ್ಟೂ ಕೇಳದ ಹಾಗೆ, ಸದ್ದು ಇಲ್ಲದ ಕಡೆಯಿಂದ ಸ್ವರ ಮೂಡಿಸಲೂಬಹುದು. ಹೊಸಬರು ಇದನ್ನು ಜಾಸ್ತಿ ಮಾಡಿಬಿಡುತ್ತಾರೆ, ಆಗ ಪ್ರತಿ ಸ್ವರವೂ ಊದಿಕೊಂಡ ಹಾಗೆ ಕೇಳುತ್ತದೆ. ಒಳ್ಳೆಯವರ ಬಲಗಾಲು ಕೆಲಸ ಮಾಡುತ್ತಿದೆ ಎಂದು ನಿಮಗೆ ಗೊತ್ತೇ ಆಗುವುದಿಲ್ಲ.

ಬಲಗೈಯದು ಇನ್ನೂ ಕಷ್ಟ. ಹೆಬ್ಬೆರಳಿಗೆ ಪ್ಲಾಸ್ಟಿಕ್ ನಖಿ, ಎರಡು ಬೆರಳಿಗೆ ಲೋಹದ ನಖಿ. ಮೀಟುವುದು ಸುಲಭ, ನಿಲ್ಲಿಸುವುದು ಕಷ್ಟ. ಬಾರ್ ಹತ್ತೂ ತಂತಿಗಳ ಮೇಲಿರುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ಮೊದಲು ಹಿಂದಿನದನ್ನು ಅಂಗೈಯ ಅಂಚಿನಿಂದ ಮುಟ್ಟಿ ಸುಮ್ಮನಾಗಿಸಬೇಕು. ಇಲ್ಲದಿದ್ದರೆ ಎಲ್ಲ ಕಲಸಿ ಗೊಜ್ಜಾಗುತ್ತದೆ. ಪ್ರತಿ ಸ್ವರಕ್ಕೂ ಹೀಗೆ. ಆ ಗ್ಯಾರೇಜಿನಲ್ಲಿ ನನಗೆ ಪೆಡಲ್ ಹೇಗೋ ಒಗ್ಗಿತು, ಇದು ಮಾತ್ರ ಕೊನೆಯವರೆಗೂ ಕೈಗೆ ಹತ್ತಲಿಲ್ಲ. ಎಡಗೈಯ ಬಾರ್ ಗುಂಡಗಿನ ಉಕ್ಕು, ಸುಮಾರು 200 ಗ್ರಾಂ ತೂಕ. ಅದರ ಹಿಂದೆ ಉಂಗುರ ಬೆರಳು, ಕಿರುಬೆರಳು ತಂತಿಯ ಮೇಲೆ ಹಗುರವಾಗಿ ಎಳೆದುಕೊಂಡು ಬರುತ್ತವೆ, ಬೇಡದ ಗುಂಯ್ ಸದ್ದು ಅಡಗಿಸಲು. ಸ್ವರ ನಡುಗಿಸಬೇಕಾದಾಗ ಬಾರನ್ನು ಗೆರೆಯ ಮೇಲೆ ಒಂದಿಷ್ಟು ಆಚೀಚೆ ಉರುಳಿಸುತ್ತಾರೆ. ನೀವು ಟಿವಿಯಲ್ಲಿ ಕಂಡ ಒಂದೇ ಚಲನೆ ಬಹುಶಃ ಅದು.

ಇಷ್ಟೆಲ್ಲ ಕೈಕಾಲಿನ ಕೆಲಸ ಗೊತ್ತಾದ ಮೇಲೂ ನಿಮ್ಮ ಆ ಹಿರಿಯರ ದೊಡ್ಡತನ ಬೇರೆ ಕಡೆ ಇದೆ. ಅವರು ಎಲ್ಲಿ ನುಡಿಸಲಿಲ್ಲ ಎನ್ನುವುದರಲ್ಲಿ.

ಇನ್ನೊಮ್ಮೆ ನೋಡುವಾಗ ನಡುವಿನ ಆ ಅರ್ಧ ನಿಮಿಷಕ್ಕೆ ಕಾಯಬೇಡಿ. ಹಾಡಿನ ಮೊದಲ ಸಾಲಿನಿಂದಲೇ ಅವರನ್ನು ಕೇಳಿ. ಗಾಯಕಿ ಸಾಲು ಹಾಡುವಾಗ ಅವರು ಇರುವುದೇ ಇಲ್ಲ, ಅಥವಾ ಬಹಳ ಕೆಳದನಿಯಲ್ಲಿ ಒಂದು ಸ್ವರ ಹಿಡಿದಿರುತ್ತಾರೆ. ಸಾಲು ಮುಗಿದು ಆಕೆ ಉಸಿರು ಎಳೆದುಕೊಳ್ಳುವ ಜಾಗ ಇದೆಯಲ್ಲ, ಎರಡು ಎಣಿಕೆ, ಹೆಚ್ಚೆಂದರೆ ನಾಲ್ಕು, ಅಲ್ಲಿ ಸ್ಟೀಲ್ ಬರುತ್ತದೆ. ಆಕೆ ಹೇಳಿದ್ದಕ್ಕೆ ಹೂಂಗುಟ್ಟುತ್ತದೆ. ಮುಂದಿನ ಸಾಲಿನ ಮೊದಲ ಅಕ್ಷರಕ್ಕೆ ಜಾಗ ಬಿಟ್ಟು ಸರಿಯುತ್ತದೆ. ಮಾತಿನ ಮೇಲೆ ಮಾತಾಡಬಾರದು ಎಂಬುದು ಅವರ ಮೊದಲ ನಿಯಮ. ನಮ್ಮ ಕಛೇರಿಯಲ್ಲಿ ಒಳ್ಳೆಯ ಪಿಟೀಲು ಪಕ್ಕವಾದ್ಯದವರು ಮಾಡುವುದೂ ಇದನ್ನೇ ತಾನೆ? ಗಾಯಕರ ಸಂಗತಿ ಮುಗಿಯುವವರೆಗೆ ನೆರಳಿನಂತೆ ಇದ್ದು, ಬಿಟ್ಟ ಜಾಗವನ್ನು ಅವರದೇ ಮಾತಿನಿಂದ ತುಂಬಿ, ಮತ್ತೆ ನೆರಳಾಗುವುದು. ಪಿಟೀಲು, ಗಿಟಾರ್, ಸ್ಟೀಲ್ ಮೂವರೂ ಇರುವ ತಂಡದಲ್ಲಿ ಮೊದಲ ಚರಣದ ಬಿಡುವುಗಳು ಒಬ್ಬರಿಗೆ, ಎರಡನೆಯದರವು ಇನ್ನೊಬ್ಬರಿಗೆ ಎಂದು ಹಂಚಿಕೊಂಡಿರುತ್ತಾರೆ. ತಮ್ಮ ಸರದಿ ಅಲ್ಲದಾಗ ಸ್ಟೀಲ್ ವಾದಕರು ಕೈಕಟ್ಟಿ ಕೂತಂತೆ ಕೂತಿರುತ್ತಾರೆ. ಆ ಕೂರುವುದನ್ನೂ ನೋಡಿ. ಅದಕ್ಕೂ ವರ್ಷಗಳು ಬೇಕು.

ಹಾಡಿನ ಶ್ರುತಿ ಕೊನೆ ಗಳಿಗೆಯಲ್ಲಿ ಬದಲಾದರೂ ಇವರಿಗೆ ಗಾಬರಿಯಿಲ್ಲ. ನ್ಯಾಶ್‌ವಿಲ್‌ನವರು ಕಾರ್ಡುಗಳನ್ನು ಹೆಸರಿನಿಂದ ಬರೆದುಕೊಳ್ಳುವುದಿಲ್ಲ, ಅಂಕಿಯಿಂದ ಬರೆದುಕೊಳ್ಳುತ್ತಾರೆ. 1, 4, 5 ಎಂದರೆ ನಮ್ಮ ಸ, ಮ, ಪ. ಷಡ್ಜ ಎಲ್ಲಿಗೆ ಹೋದರೂ ಲೆಕ್ಕ ಅದೇ, ಬಾರ್ ಬೇರೆ ಗೆರೆಯಿಂದ ಹೊರಟರೆ ಆಯಿತು.

ಟಿವಿಯವರ ಬಗ್ಗೆ ನನಗೊಂದು ನೋವಿದೆ. ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ 1925ರಲ್ಲಿ ರೇಡಿಯೋದಲ್ಲಿ ಶುರುವಾದ ಕಾರ್ಯಕ್ರಮ, ಇನ್ನೂ ನಡೆಯುತ್ತಿದೆ. 1974ರಲ್ಲಿ ಅದು ಹಳೆಯ ರೈಮನ್ ಸಭಾಂಗಣದಿಂದ ಹೊಸ ಕಟ್ಟಡಕ್ಕೆ ಹೋಯಿತು. ಆಗ ಹಳೆಯ ವೇದಿಕೆಯ ಮರದ ಹಲಗೆಯಿಂದ ಸುಮಾರು 6 ಅಡಿ ಅಗಲದ ಒಂದು ವೃತ್ತ ಕೊಯ್ದು ತಂದು ಹೊಸ ವೇದಿಕೆಯ ಮಧ್ಯದಲ್ಲಿ ಕೂರಿಸಿದರು. ಗಾಯಕರು ಆ ವೃತ್ತದಲ್ಲಿ ನಿಂತು ಹಾಡುತ್ತಾರೆ. ಅಲ್ಲಿ ನಿಲ್ಲುವುದು ಅವರಿಗೆ ದೇವಸ್ಥಾನದ ಹೊಸ್ತಿಲು ದಾಟಿದ ಹಾಗೆ. ಅದು ಸರಿಯೇ. ಸ್ಟೀಲ್ ವಾದಕರು ಆ ವೃತ್ತದ ಆಚೆ ಕೂರುತ್ತಾರೆ, ಕ್ಯಾಮೆರಾ ವೃತ್ತದ ಒಳಗೇ ಇರುತ್ತದೆ. ಸ್ಟೀಲ್‌ನ ಸರದಿ ಬಂದಾಗ ಒಂದೆರಡು ಗಳಿಗೆ ಕೈ ತೋರಿಸಿ ಮತ್ತೆ ಗಾಯಕರ ಮುಖಕ್ಕೆ ಓಡಿಬಿಡುತ್ತಾರೆ. ಎಷ್ಟೋ ಸಲ ಸ್ಟೀಲ್ ನುಡಿಯುತ್ತಿರುವಾಗ ಪಕ್ಕದ ಗಿಟಾರಿನವರ ಕೈ ತೋರಿಸಿದ್ದನ್ನೂ ನಾನು ಕಂಡಿದ್ದೇನೆ. ಪಾದವನ್ನು, ಮೊಣಕಾಲನ್ನು ತೋರಿಸುವುದು ಅಪರೂಪಕ್ಕೆ ಅಪರೂಪ. ಭರತನಾಟ್ಯವನ್ನು ಸೊಂಟದ ಮೇಲಷ್ಟೇ ತೋರಿಸಿದರೆ ನಮಗೆ ಹೇಗನ್ನಿಸೀತು?

ಹಾಗಾಗಿ ನೀವೇ ಹುಡುಕಿ ನೋಡಬೇಕು. ನನ್ನನ್ನು ಕೇಳಿದರೆ ಟಾಮ್ ಬ್ರಮ್ಲಿಯಿಂದ ಶುರುಮಾಡಿ. ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್‌ನ ಬಕ್ ಓವೆನ್ಸ್ ಅವರ ತಂಡದಲ್ಲಿದ್ದವರು. 1964ರಲ್ಲಿ ಓವೆನ್ಸ್ ಹಾಡಿದ 'ಟುಗೆದರ್ ಅಗೇನ್' ಎಂಬ ಹಾಡಿನಲ್ಲಿ ಬ್ರಮ್ಲಿ ನುಡಿಸಿದ ತುಣುಕನ್ನು ಇಂದಿಗೂ ಸ್ಟೀಲ್ ಕಲಿಯುವವರು ಅಕ್ಷರ ಕಲಿತ ಹಾಗೆ ಕಲಿಯುತ್ತಾರೆ. ಅದರಲ್ಲಿ ಚಮತ್ಕಾರ ಏನೂ ಇಲ್ಲ. ವೇಗ ಇಲ್ಲವೇ ಇಲ್ಲ. ಕೆಲವೇ ಸ್ವರ, ಒಂದೊಂದೂ ಬಿಚ್ಚಿಕೊಳ್ಳುವವರೆಗೆ ಕಾಯುತ್ತಾರೆ. ಹಾಡಿನ ಮಾತು ಮಾತ್ರ ಸಂತೋಷದ್ದು. ಅಗಲಿದವರು ಮತ್ತೆ ಸೇರಿದ್ದಾರೆ, ಕಣ್ಣೀರು ನಿಂತಿದೆ ಎಂದು ಗಾಯಕ ಹೇಳುತ್ತಿದ್ದರೆ ಸ್ಟೀಲ್ ಅಳುತ್ತಿರುತ್ತದೆ. ಮೊದಲ ಸಲ ಕೇಳಿದಾಗ ನನಗೆ ಇದು ಹೊಂದಿಕೆಯಾಗಲಿಲ್ಲ. ಆಮೇಲೆ ನಮ್ಮಲ್ಲಿ ಆನಂದಬಾಷ್ಪ ಎಂಬ ಮಾತು ಇರುವುದು ನೆನಪಾಯಿತು. ಆತ ಒಂಟಿಯಾಗಿ ಕಳೆದ ದಿನಗಳ ಬಗ್ಗೆ ಹಾಡಿನ ಸಾಹಿತ್ಯ ಜಾಸ್ತಿ ಹೇಳುವುದಿಲ್ಲ. ಬ್ರಮ್ಲಿ ಹೇಳುತ್ತಾರೆ. ಗಾಯಕ ಹೇಳದೆ ಬಿಟ್ಟದ್ದನ್ನು ಪಕ್ಕವಾದ್ಯ ಹೇಳುವುದು ಅಂದರೆ ಇದು.

ಬ್ರಮ್ಲಿ 1969ರಲ್ಲಿ ಆ ತಂಡ ಬಿಟ್ಟು ಗಾಯಕ ರಿಕಿ ನೆಲ್ಸನ್ ಅವರ ಜೊತೆ ಸೇರಿದರು, 2009ರಲ್ಲಿ ತೀರಿಕೊಂಡರು. ಓವೆನ್ಸ್ ತಂಡ ಟಿವಿಯಲ್ಲಿ ನುಡಿಸಿದ ಹಳೆಯ ದೃಶ್ಯಗಳು ಈಗಲೂ ನೋಡಲು ಸಿಗುತ್ತವೆ. ಅವರನ್ನು ನೋಡಿದ ಮೇಲೆ ರಾಲ್ಫ್ ಮೂನಿ ಕೇಳಿ. ಅವರದು ಅಳು ಅಲ್ಲ, ಚುರುಕು. ತಂತಿ ಕುಣಿಯುತ್ತದೆ, ಒಂದೊಂದು ಸ್ವರವೂ ಹುರಿದ ಕಡಲೆಯ ಹಾಗೆ ಗರಿಗರಿ. ಗಾಯಕಿ ಕಾನಿ ಸ್ಮಿತ್ ಅವರ 1964ರ ಮೊದಲ ರೆಕಾರ್ಡಿನಲ್ಲಿ ವೆಲ್ಡನ್ ಮೈರಿಕ್ ಇದ್ದಾರೆ. ಹೆಣ್ಣುದನಿಯ ಪಕ್ಕದಲ್ಲಿ ಸ್ಟೀಲ್ ಹೇಗೆ ನಡೆದುಕೊಳ್ಳಬೇಕು ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಪಾಠ ಬೇಡ. ಈಗಿನವರಲ್ಲಿ ಪಾಲ್ ಫ್ರಾಂಕ್ಲಿನ್. ಗಾಯಕ ಹ್ಯಾಂಕ್ ವಿಲಿಯಮ್ಸ್ ತಂಡದ ಡಾನ್ ಹೆಲ್ಮ್ಸ್ ಅವರನ್ನೂ ಬಿಡಬೇಡಿ. ಅವರಿಗೆ ಪೆಡಲೇ ಇರಲಿಲ್ಲ. ಬರೀ ಬಾರ್, ಅದೂ ಎತ್ತರದ ಸ್ಥಾಯಿಯಲ್ಲಿ. ಆದರೂ ಕರುಳು ಹಿಂಡುತ್ತದೆ. ನಾನು ಮೇಲೆ ಪೆಡಲಿನ ಬಗ್ಗೆ ಇಷ್ಟೆಲ್ಲ ಹೇಳಿದ ಮೇಲೂ ಹೆಲ್ಮ್ಸ್ ಕೇಳಿದಾಗ ಕೊಂಚ ಹೊತ್ತು ಸುಮ್ಮನಾಗುತ್ತೇನೆ.

ನೋಡುವಾಗ ಒಂದು ಕೆಲಸ ಮಾಡಿ. ಟಿವಿಯ ಸ್ಪೀಕರ್ ಸಾಲದು, ಇಯರ್‌ಫೋನ್ ಹಾಕಿಕೊಳ್ಳಿ. ಒಂದು ಸಲ ಕಣ್ಣು ಮುಚ್ಚಿ ಪೂರ್ತಿ ಕೇಳಿ. ಎರಡನೇ ಸಲ ಬಾರ್ ಮೇಲೆ ಮಾತ್ರ ಕಣ್ಣಿಡಿ. ಬಾರ್ ನಿಂತಿದೆ, ಸ್ವರ ಮಾತ್ರ ಏರಿತು ಅನ್ನಿಸಿದ ಕಡೆಯಲ್ಲೆಲ್ಲ ಕೆಳಗೆ ಪಾದ ಒತ್ತಿದೆ ಎಂದು ತಿಳಿಯಿರಿ. ನಾಲ್ಕು ಹಾಡು ಹೀಗೆ ನೋಡಿದರೆ ಕ್ಯಾಮೆರಾ ತೋರಿಸದ ಕಾಲು ನಿಮಗೆ ಕಾಣಲು ಶುರುವಾಗುತ್ತದೆ.

ಇನ್ನು ನಿಮ್ಮ ಅಟ್ಟದ ಗಿಟಾರ್. ಅದರಲ್ಲಿ ಈ ಅಳು ಬರಲಿಲ್ಲ ಎಂದಿರಿ. ಪೂರ್ತಿ ಬರುವುದಿಲ್ಲ, ಒಂದು ಹನಿ ಬರುತ್ತದೆ. ಪೆಡಲ್ ಇಲ್ಲದ ಕಾಲದಿಂದಲೂ ವಾದಕರು ಮಾಡುತ್ತಿದ್ದ ಒಂದು ಉಪಾಯವಿದೆ. ಊರಿಗೆ ಹೋದ ಮೇಲೆ ಗಿಟಾರನ್ನು ಓಪನ್ ಜಿ ಶ್ರುತಿಗೆ ತನ್ನಿ. ಮೂರನೇ, ಎರಡನೇ, ಮೊದಲನೇ ತಂತಿಗಳು ಕ್ರಮವಾಗಿ ಸ, ಗ, ಪ ಆಗುತ್ತವೆ. ಐದನೇ ಮೆಟ್ಟಿಲಿನ ನೇರಕ್ಕೆ ಬಾರ್ ಇಡಿ. ಮೂರನೇ ತಂತಿಯ ಸ, ಎರಡನೇ ತಂತಿಯ ಗ, ಎರಡನ್ನೂ ಒಟ್ಟಿಗೆ ಮೀಟಿ. ಈಗ ಬಾರಿನ ಹಿಂದೆ, ಅಂದರೆ ಬಿರಡೆಗಳ ಕಡೆಗೆ, ಎಡಗೈಯ ಉಂಗುರ ಬೆರಳಿನಿಂದ ಎರಡನೇ ತಂತಿಯನ್ನು ಮಾತ್ರ ಕೊಕ್ಕೆ ಹಾಕಿ ಮೆಲ್ಲಗೆ ಎಳೆಯಿರಿ. ಬಾರ್ ಅಲುಗಬಾರದು. ಅರ್ಧ ಸ್ವರ ಎಳೆದರೆ ಸಾಕು, ಗ ಮ ಆಗುತ್ತದೆ. ಸ ಅಲ್ಲೇ ನಿಂತಿರುತ್ತದೆ. ಮೊದಲ ಹತ್ತು ಸಲ ಮ ತಲುಪದೆ ಬೇಸುರಾಗುತ್ತದೆ, ಹನ್ನೊಂದನೆಯ ಸಲ ತಲುಪುತ್ತದೆ. ಎಳೆದ ಬೆರಳನ್ನು ಬಿಡುವಾಗಲೂ ಅವಸರ ಬೇಡ, ಮ ವಾಪಸು ಗಕ್ಕೆ ಇಳಿಯುವುದನ್ನು ಪೂರ್ತಿ ಕೇಳಿ. ಆದರೆ ಇದನ್ನು ಮಾಡುವ ಮುಂಚೆ ತಂತಿ ಬದಲಾಯಿಸಿ. ಅಟ್ಟದಲ್ಲಿದ್ದ ತಂತಿ ತುಕ್ಕು ಹಿಡಿದಿರುತ್ತದೆ, ಎಳೆದ ಕೂಡಲೇ ಬೆರಳಿಗೆ ಹೊಡೆದು ಕಡಿಯುತ್ತದೆ.